ಕಮಾನು ಕಸಿದುಕೊಂಡವಳು

ಶವಪೆಟ್ಟಿಗೆಯ ಮುಚ್ಚಳಕ್ಕೆ ಗುತ್ತೋರ್ಮ್ ಕೊನೆಯ ಮೊಳೆ ಹೊಡೆಯುತ್ತಿದ್ದಾಗ ಗೋಡೆಯ ಮೇಲಿದ್ದ ಪಿಟೀಲು ಸದ್ದು ಮಾಡಿತು.

ಎತ್ತಿದ ಸುತ್ತಿಗೆ ಎತ್ತಿದ ಹಾಗೇ ನಿಂತಿತು. ಕೋಣೆಯಲ್ಲಿದ್ದವರೆಲ್ಲ ಅತ್ತ ತಿರುಗಿದರು. ಕಿಟಕಿಗೂ ಒಲೆಗೂ ನಡುವಿನ ಗೂಟಕ್ಕೆ ತೂಗುಹಾಕಿದ್ದ, ಸತ್ತ ಸ್ವೈನುಂಗನ ಪಿಟೀಲು ಯಾರೂ ಮುಟ್ಟದೆಯೇ ಗುಂಯ್‌ಗುಡುತ್ತಿತ್ತು. ದೊಡ್ಡ ಸದ್ದೇನಲ್ಲ. ಲೋಟ ಬೋರಲು ಹಾಕಿದಾಗ ಒಳಗೆ ಸಿಕ್ಕಿಬಿದ್ದ ಜೇನುನೊಣ ಮಾಡುವಷ್ಟು ಸದ್ದು. ಅದು ಸಣ್ಣಗಾಗಿ ನಿಂತಿತು.

"ಇನ್ನೂ ಹೋಗಿಲ್ಲ ಅವನು," ಎಂದಳು ಗೂರೊ ಅತ್ತೆ. ಪೆಟ್ಟಿಗೆಯೊಳಗೆ ಮಲಗಿದ್ದವನ ಅಕ್ಕ ಅವಳು. ಮದುವೆಯಾಗದೆ ಆ ಮನೆಯಲ್ಲೇ ಮುದುಕಿಯಾದವಳು. "ತಂತಿ ಸಡಿಲ ಮಾಡಿಲ್ಲ. ಯಾರು ಮಾಡ್ಬೇಕಿತ್ತು?"

ಯಾರು ಮಾಡಬೇಕಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರ ಕಣ್ಣು ಪಿಟೀಲಿನಿಂದ ಇಳಿದು ಒಲೆಯ ಪಕ್ಕ ನಿಂತಿದ್ದ ರಾಗ್ನಿಯ ಮೇಲೆ ಬಂತು. ಸತ್ತವನ ಒಬ್ಬಳೇ ಮಗಳು, ಸುತ್ತಿಗೆ ಹಿಡಿದವನ ಹೆಂಡತಿ.

ಈ ಕಣಿವೆಯಲ್ಲಿ ಪಿಟೀಲು ನುಡಿಸುವವನು ಸತ್ತರೆ ಅವನ ಕಣ್ಣು ಮುಚ್ಚಿದ ಮರುಗಳಿಗೆಯ ಕೆಲಸ ವಾದ್ಯದ ತಂತಿ ಸಡಿಲಿಸುವುದು. ರಕ್ತಸಂಬಂಧಿಯೇ ಸಡಿಲಿಸಬೇಕು. ತಂತಿ ಬಿಗಿಯಾಗಿರುವ ತನಕ ನುಡಿಸುವವನು ಮನೆ ಬಿಡುವುದಿಲ್ಲ ಎನ್ನುತ್ತಾರೆ. ನಿಜವಾಗಿ ನಂಬುತ್ತೀರಾ ಎಂದು ಕೇಳಿದರೆ ಎಲ್ಲರೂ ನಕ್ಕು ಇಲ್ಲ ಎನ್ನುತ್ತಾರೆ. ಆದರೆ ಸಡಿಲಿಸದೆ ಬಿಟ್ಟವರು ಯಾರೂ ಇಲ್ಲ. ರಾಗ್ನಿ ಬಿಟ್ಟಿದ್ದಳು. ಬೆಳಗ್ಗೆ ಮಾಡುತ್ತೇನೆ, ಊಟವಾದ ಮೇಲೆ ಮಾಡುತ್ತೇನೆ ಎಂದುಕೊಳ್ಳುತ್ತ ಆ ಗೂಟದ ಮುಂದೆ ಎಷ್ಟೋ ಸಲ ನಿಂತು, ಕೈ ಎತ್ತಿ, ಮತ್ತೆ ಏಪ್ರನ್ನಿಗೆ ಕೈ ಒರೆಸಿಕೊಂಡು ಹಿಂದಕ್ಕೆ ಬಂದಿದ್ದಳು. ಅವಳಿಗೆ ಸತ್ತ ಅಪ್ಪನ ಭಯವಿರಲಿಲ್ಲ. ಆ ಪಿಟೀಲು ಮುಟ್ಟಿದರೆ ತನ್ನ ಕೈ ತಂತಿ ಸಡಿಲಿಸಿ ಸುಮ್ಮನಾಗುತ್ತದೆ ಎಂಬ ನಂಬಿಕೆ ಇರಲಿಲ್ಲ.

"ಗೂರೊ, ಸುಮ್ನೆ ಹೆದರಿಸ್ಬೇಡ ಜನಾನ," ಎಂದ ಹಾಲ್ವರ್. ಸ್ವೈನುಂಗನ ಗೆಳೆಯ, ಅವನ ಜೊತೆ ಮದುವೆಗಳಲ್ಲಿ ನುಡಿಸುತ್ತಿದ್ದವನು. ಮರದ ಮಿಲ್ಲಿನ ಗರಗಸ ಎಡಗೈಯ ಎರಡು ಬೆರಳು ತಿಂದಮೇಲೆ ಬರೀ ಮಾತಾಡುವವನಾಗಿದ್ದ. "ನಮ್ಮ ಪಿಟೀಲಿಗೆ ಮೇಲೆ ನಾಕು ತಂತಿ, ಅಡೀಲಿ ಇನ್ನೊಂದಷ್ಟು. ಅಡೀ ತಂತೀನ ಯಾರೂ ಮುಟ್ಟಲ್ಲ, ಹತ್ತಿರದಲ್ಲಿ ಸದ್ದಾದ್ರೆ ತಾವೇ ಮಿಡೀತಾವೆ. ಸುತ್ತಿಗೆ ಏಟಿಗೆ ಮಿಡಿದಿದೆ ಅಷ್ಟೆ. ನೀನು ಸೀನಿದ್ರೂ ಮಿಡಿಯುತ್ತೆ."

"ಹುಟ್ಟಿದಾಗಿಂದ ಇದೇ ಮನೇಲಿ ಸೀನ್ತಾ ಇದ್ದೀನಿ. ನನ್ನ ಸೀನಿಗೆ ಅದು ಯಾವತ್ತೂ ಉತ್ತರ ಕೊಟ್ಟಿಲ್ಲ." ಗೂರೊ ಅತ್ತೆ ಅಳಿಯನ ಕಡೆ ತಿರುಗಿದಳು. "ಮುಚ್ಚಳ ತೆಗಿ ಗುತ್ತೋರ್ಮ್. ಅದನ್ನೂ ಒಳಗೆ ಹಾಕು. ಇಬ್ರೂ ಒಟ್ಟಿಗೆ ಹೋಗ್ಲಿ."

"ಹೊಡೆದ ಮೊಳೆ ಕೀಳಬಾರದು ಅಂತ ಈಗ ತಾನೆ ನೀವೇ ಹೇಳಿದ್ರಲ್ಲ ಅತ್ತೆ," ಎಂದ ಗುತ್ತೋರ್ಮ್. ಅವನು ಹೆಚ್ಚು ಮಾತಿನವನಲ್ಲ. ಉಳಿದ ಮೊಳೆಯನ್ನು ಮಾತ್ರ ಅವನು ಸುತ್ತಿಗೆಯ ತಲೆಗೆ ಬಟ್ಟೆ ಸುತ್ತಿ ಹೊಡೆದ.

ಬಂದವರಿಗೆಲ್ಲ ಕಾಫಿ, ಬೆಣ್ಣೆ ಸವರಿ ಮಡಚಿದ ತೆಳುರೊಟ್ಟಿ, ಹುಳಿಕೆನೆಯ ಗಂಜಿ. ಸಾವಿನ ಮನೆಯ ಗಂಜಿಯಲ್ಲಿ ಬೆಣ್ಣೆ ತೇಲದಿದ್ದರೆ ಸತ್ತವನಿಗೆ ಅವಮಾನವೆಂದು ರಾಗ್ನಿ ಧಾರಾಳವಾಗಿಯೇ ಹಾಕಿದ್ದಳು. ಜನ ಉಣ್ಣುತ್ತ ಗೋಡೆಯ ಕಡೆ ಕಳ್ಳನೋಟ ಬೀರುತ್ತಿದ್ದರು. ಹಾಲ್ವರ್ ಕಾಫಿಯ ಬಟ್ಟಲು ಹಿಡಿದೇ ಅವಳನ್ನು ಉಗ್ರಾಣದ ಮೆಟ್ಟಿಲ ಬಳಿಗೆ ಕರೆದ.

"ಒಂದು ಮಾತು ಹೇಳೋದಿದೆ. ಇಷ್ಟು ದಿನ ಬಿಸಿತುಪ್ಪ ಬಾಯಲ್ಲಿಟ್ಕೊಂಡಂಗೆ ಇಟ್ಕೊಂಡಿದ್ದೆ. ಹುಲ್ಲು ಕೊಯ್ಲು ಮುಗಿದ ಮೇಲೆ ನಿಮ್ಮಪ್ಪ ನಮ್ಮನೆಗೆ ಬಂದಿದ್ದ. ಆಗಿನ್ನೂ ಲಕ್ವ ಹೊಡೆದು ಮಾತು ಬಿದ್ದಿರ್ಲಿಲ್ಲ. 'ನನ್ನನ್ನ ಗುಂಡಿಗೆ ಇಳಿಸೋ ಮುಂಚೆ ರಾಗ್ನಿ ಅದನ್ನ ನುಡಿಸ್ಲಿ' ಅಂದ."

"ಯಾವುದನ್ನ?"

"ಯಾವುದು ಅಂತ ನನ್ನನ್ನ ಕೇಳ್ತೀಯಲ್ಲ."

ಸ್ವೈನುಂಗ ಕಟ್ಟಿದ ಕುಣಿತದ ಮಟ್ಟುಗಳು ಕಣಿವೆಯ ತುಂಬ ಇದ್ದವು. ಮದುಮಗಳನ್ನು ಚರ್ಚಿಗೆ ಕರೆದೊಯ್ಯುವುದಕ್ಕೊಂದು, ಕೆರೆಯಲ್ಲಿ ಮುಳುಗಿದ ಹಸುವಿಗೊಂದು, ಹೊಸ ದೋಣಿ ಕೊಂಡು ಬೀಗಿದ ಅಮಲ್ದಾರನನ್ನು ಅಣಕಿಸುವುದಕ್ಕೊಂದು. ಪಟ್ಟಣದ ವಿದ್ವಾಂಸನೊಬ್ಬ ಬಂದು ಅವನ್ನೆಲ್ಲ ಬರೆದುಕೊಂಡು ಹೋಗಿ ಪಿಯಾನೋ ಮೇಲೆ ನುಡಿಸಿ ಕೇಳಿಸಿದಾಗ ಸ್ವೈನುಂಗ, "ಮಗು ನಂದೇ. ಬಟ್ಟೆ ಯಾರದ್ದೋ," ಎಂದಿದ್ದ. ಆಮೇಲೆ ರೇಡಿಯೋದವರು ಯಂತ್ರ ಹೊತ್ತು ತಂದರು. ಅವರಿಗೂ ಎಲ್ಲ ನುಡಿಸಿಕೊಟ್ಟ, ಒಂದನ್ನು ಬಿಟ್ಟು. ಆ ಒಂದಕ್ಕೆ ಅವನು ಹೆಸರಿಟ್ಟಿರಲಿಲ್ಲ. 'ಅದು' ಎನ್ನುತ್ತಿದ್ದ. ಊರವರೂ ಹಾಗೇ ಎನ್ನುತ್ತಿದ್ದರು, ಸ್ವಲ್ಪ ದನಿ ತಗ್ಗಿಸಿ.

"ಮೂವತ್ತೈದು ವರ್ಷದಿಂದ ಕಮಾನು ಮುಟ್ಟಿಲ್ಲ ನಾನು."

"ಬೆರಳು ಮುಟ್ಟಿದೆ. ನೀನು ಹಾಲಿನ ಬಕೀಟಿನ ಹಿಡಿ ಮೇಲೆ ಬೆರಳಾಡಿಸೋದು ನಾನು ನೋಡಿಲ್ವಾ?"

"ನೀನೇ ನುಡ್ಸು ಹಾಲ್ವರ್ ಮಾಮ."

ಹಾಲ್ವರ್ ಮೊಂಡು ಕೈ ಎತ್ತಿ ತೋರಿಸಿದ. "ಇದ್ರಲ್ಲಾ? ಅದೂ ಅಲ್ದೆ ನಾವೆಲ್ಲ ಅದನ್ನ ಬಾಗಿಲಾಚೆ ನಿಂತು ಕೇಳಿದೋರು. ಪಕ್ಕದಲ್ಲಿ ನಿಂತು ಮೊದಲಿಂದ ಕೇಳಿದೋಳು ನೀನೊಬ್ಳೇ. ಇವತ್ತು ನುಡಿಸ್ದೆ ಇದ್ರೆ ಅವನ ಜೊತೆ ಅದೂ ಮಣ್ಣಿಗೆ."

"ಹೋಗ್ಲಿ. ಮಣ್ಣಿಗೇ ಹೋಗ್ಲಿ."

"ಸರಿ, ಹೋಗ್ಲಿ ಬಿಡು." ಹಾಲ್ವರ್ ಸಕ್ಕರೆ ಉಂಡೆಯೊಂದನ್ನು ಹಲ್ಲಿನ ನಡುವೆ ಇಟ್ಟುಕೊಂಡು ಕಾಫಿ ಹೀರಿದ. "ಹೇಳು ಅಂದಿದ್ದ, ಹೇಳ್ದೆ. ನನ್ನ ತಲೆ ಮೇಲಿಂದು ನಿನ್ನ ತಲೆಗೆ ಬಂತು. ಇವತ್ತು ನಾನು ಚೆನ್ನಾಗಿ ನಿದ್ದೆ ಮಾಡ್ತೀನಿ."

*

ರಾಗ್ನಿಗೆ ಏಳು ತುಂಬಿದ ವರ್ಷ ಅಮ್ಮ ಅವಳಿಗೊಂದು ಕೆಲಸ ಹಚ್ಚಿದಳು. ಬೇರೆ ಮನೆಯ ಮಕ್ಕಳು ಮೇಕೆ ಕಾಯುತ್ತಿದ್ದವು. ಇವಳು ಅಪ್ಪನನ್ನು ಕಾಯಬೇಕಿತ್ತು.

"ಮುಖ ನೋಡ್ಬೇಡ, ಕೈ ನೋಡ್ಬೇಡ. ಕಾಲು ನೋಡು," ಎಂದಿದ್ದಳು ಅಮ್ಮ. "ಕಾಲು ನಿಂತ ತಕ್ಷಣ ಕಮಾನು ಕಿತ್ಕೋ."

"ನೀನ್ಯಾಕೆ ಕಿತ್ಕೊಳಲ್ಲ?"

"ನನ್ನ ತಳ್ತಾನೆ. ನಿನ್ನ ತಳ್ಳಲ್ಲ."

ಈ ಕಣಿವೆಯವರು ಪಿಟೀಲು ನುಡಿಸುವುದು ಕೈಯಲ್ಲಷ್ಟೇ ಅಲ್ಲ, ಕಾಲಲ್ಲೂ. ಕೂತು ನುಡಿಸುತ್ತ ಪಾದದಿಂದ ನೆಲಕ್ಕೆ ಬಡಿಯುತ್ತಾರೆ. ಕುಣಿಯುವವರಿಗೆ ಆ ಬಡಿತವೇ ಆಧಾರ. 'ಅದನ್ನು' ನುಡಿಸುವಾಗ ಮೊದಮೊದಲು ಸ್ವೈನುಂಗನ ಕಾಲು ಎಲ್ಲರ ಕಾಲಿನಂತೆಯೇ ಬಡಿಯುತ್ತಿತ್ತು. ಆಮೇಲೆ ಒಂದು ಜಾಗ ಬರುತ್ತಿತ್ತು. ಎಡಗೈ ಕೆಳಗಿನಿಂದ ಮೇಲಕ್ಕೆ ಮೂರು ಸಲ ಏರಿ, ಮೂರನೆಯ ಸಲ ಇಳಿಯದೆ ಅಲ್ಲೇ ನಿಲ್ಲುವ ಜಾಗ. ಅಲ್ಲಿ ಕಾಲು ನಿಂತುಬಿಡುತ್ತಿತ್ತು. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಕಣ್ಣು ತೆರೆದೇ ಇದ್ದರೂ ಆ ಕಣ್ಣಿನಲ್ಲಿ ಯಾರೂ ಇರುತ್ತಿರಲಿಲ್ಲ.

ರಾಗ್ನಿ ಪುಟ್ಟ ಮಣೆಯ ಮೇಲೆ ಹತ್ತಿ ಕಮಾನು ಹಿಡಿದೆಳೆಯುತ್ತಿದ್ದಳು. ಅದು ಸುಲಭಕ್ಕೆ ಬರುತ್ತಿರಲಿಲ್ಲ. ಎರಡು ಕೈಯಲ್ಲಿ ಹಿಡಿದು ಜೋತುಬಿದ್ದ ಮೇಲೆ ಬರುತ್ತಿತ್ತು. ಅಪ್ಪ ಅವಳನ್ನು ಯಾರ ಮನೆಯ ಮಗುವೋ ಎಂಬಂತೆ ನೋಡುತ್ತಿದ್ದ. ಆಮೇಲೆ ಹಣೆಯ ಬೆವರು ಒರೆಸಿಕೊಂಡು ನೀರು ಕೇಳುತ್ತಿದ್ದ. ಪ್ರತಿ ಸಲವೂ ಅವಳಿಗೆ ಆ ನೋಟದ ಭಯವಾಗುತ್ತಿತ್ತು. ಈ ಸಲ ಅವನಿಗೆ ತನ್ನ ಗುರುತು ಸಿಗದೇ ಹೋದರೆ ಎಂದು ಜೀವ ಬಾಯಿಗೆ ಬರುತ್ತಿತ್ತು.

ಒಂದು ದಿನ ಅವನು ನಗುತ್ತಲೇ ಹೇಳಿದ. "ಅದರ ಕೊನೆ ಎಲ್ಲಿದೆ ಅಂತ ನೋಡೋಕೆ ಹೋಗಿರ್ತೀನಿ ಕಣೇ. ಇನ್ನೇನು ಸಿಕ್ತು ಅನ್ನೋವಾಗ ನೀನು ಬಂದು ಬಾಗಿಲು ಹಾಕ್ತೀಯ."

ಬೈದನೋ ಹೊಗಳಿದನೋ ಅವಳಿಗೆ ತಿಳಿಯಲಿಲ್ಲ.

ಹನ್ನೊಂದರ ವಯಸ್ಸಿನಲ್ಲಿ ಅವಳಿಗೆ ಜ್ವರ ಬಂದು ಮಲಗಿದ್ದಾಗ ಆಚೆದಂಡೆಯ ಮದುವೆಗೆ ಅಪ್ಪ ಒಬ್ಬನೇ ಹೋದ. ಕುಡಿದ ಹುಡುಗರು 'ಅದು ಬೇಕು, ಅದು ಬೇಕು' ಎಂದು ಹಟ ಹಿಡಿದರಂತೆ. ಕಾಲು ನಿಂತಿತು. ಕಮಾನು ಕಿತ್ತುಕೊಳ್ಳುವ ಧೈರ್ಯ ಆ ಮನೆ ತುಂಬ ಇದ್ದ ಗಂಡಸರಲ್ಲಿ ಒಬ್ಬನಿಗೂ ಬರಲಿಲ್ಲ. ಕುಣಿಯುತ್ತಿದ್ದವರು ಗರ ಬಡಿದವರಂತೆ ಗೋಡೆಗೆ ಸರಿದು ನಿಂತರು. ಕೊನೆಗೆ ಅವನೇ ಬಿದ್ದ, ನಾಲಿಗೆ ಕಚ್ಚಿಕೊಂಡು, ಬಾಯಲ್ಲಿ ನೊರೆ. ಅಮಲ್ದಾರನ ಜಾರುಬಂಡಿಯಲ್ಲಿ ಮಲಗಿಸಿ, ಹಗ್ಗ ಬಿಗಿದು, ಬೆಟ್ಟದಾಚೆಯ ಹುಚ್ಚಾಸ್ಪತ್ರೆಗೆ ಸಾಗಿಸಿದರು. ಕೆರೆಯ ಮಂಜುಗಡ್ಡೆ ಒಡೆದಮೇಲೆ ತಿರುಗಿ ಬಂದ, ತಲೆ ಬೋಳಿಸಿಕೊಂಡು. "ಊಟ ಪರವಾಗಿರ್ಲಿಲ್ಲ," ಎಂದ. ಬಟ್ಟಲು ಎತ್ತುವಾಗ ಹಾಲು ಮೇಜಿನ ಮೇಲೆ ಚೆಲ್ಲಿತು.

ಅಲ್ಲಿಂದ ಮುಂದೆ ಯಾವ ಮದುವೆಗೆ ಹೋದರೂ ರಾಗ್ನಿ ಅವನ ಕಾಲ ಬುಡದಲ್ಲೇ ಕೂತಳು. ಹುಡುಗರು ಅವಳನ್ನು 'ಸ್ವೈನುಂಗನ ಮೂಗುದಾರ' ಎಂದು ಕರೆದು ನಗುತ್ತಿದ್ದರು. ಅವಳನ್ನು ಕುಣಿಯಲು ಕರೆದವರು ಯಾರೂ ಇಲ್ಲ.

*

ಪೆಟ್ಟಿಗೆ ಎತ್ತಿದ ತಕ್ಷಣ ಗೂರೊ ಅತ್ತೆ ಅದನ್ನಿಟ್ಟಿದ್ದ ಕುರ್ಚಿಗಳನ್ನು ಕಾಲಿನಿಂದ ಒದ್ದು ಉರುಳಿಸಿದಳು. ಹೋದವನು ಮತ್ತೆ ಬಂದು ಕೂರಬಾರದಲ್ಲ. ಹೊರಗೆ ಎಲ್ಲರೂ ಕೀರ್ತನೆ ಎತ್ತಿಕೊಂಡರು. ಖಾಲಿ ಕೋಣೆಯಲ್ಲಿ ರಾಗ್ನಿ ಗೂಟದ ಮುಂದೆ ನಿಂತಳು. ಹೊರಗಿನ ಹಾಡಿಗೆ ಅಡಿತಂತಿಗಳು ಮತ್ತೆ ಮಿಡಿಯುತ್ತಿದ್ದವು, ಒಂದೊಂದು ಸಾಲಿಗೂ. ಕಿರುಬೆರಳಷ್ಟು ಕೆಲಸ. ತಂತಿ ಬಿಗಿಸುವ ಬಿರಡೆ ತಿರುಗಿಸಿದರೆ ಮುಗಿಯಿತು.

ಬಿರಡೆಗೆ ಕೈ ಹಾಕಿದಳು. ಕೈ ತಿರುಗಿಸಲಿಲ್ಲ. ಪಿಟೀಲನ್ನು ಗೂಟದಿಂದ ಇಳಿಸಿ, ಕಮಾನಿನ ಜೊತೆ ಅದರ ಪೆಟ್ಟಿಗೆಯಲ್ಲಿಟ್ಟು, ಉಣ್ಣೆಯ ಶಾಲು ಸುತ್ತಿಕೊಂಡು ಹೊರಗೆ ಬಂದಳು. ಇದನ್ನು ತಾನೇ ಮಾಡುತ್ತಿದ್ದೇನೆಂದು ಅವಳಿಗೆ ಅನಿಸಲಿಲ್ಲ, ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಗೂರೊ ಅತ್ತೆ ಅವಳ ಕಂಕುಳಲ್ಲಿದ್ದುದನ್ನು ನೋಡಿದಳು. "ಎಲ್ಲಿಗೆ ಅದು?"

"ಅಪ್ಪ ಹೇಳಿದ್ನಂತೆ."

"ಅವನು ಹೇಳೋದೇನು, ನನ್ನನ್ನ ಕೇಳು." ಅತ್ತೆ ಅವಳ ತೋಳು ಹಿಡಿದುಕೊಂಡಳು. ಬೆರಳು ಶಾಲಿನ ಮೂಲಕ ನಾಟಿತು. "ಆ ಜಾರುಬಂಡಿ ನಮ್ಮ ಅಂಗಳದ ಮುಂದೆ ಹಾದು ಹೋಗಿದ್ದನ್ನ ನಾನು ನೋಡಿದೀನಿ. ಹಗ್ಗದಲ್ಲಿ ಕಟ್ಟಿದ್ರು ನನ್ನ ತಮ್ಮನ್ನ, ಮರದ ದಿಮ್ಮಿ ಕಟ್ಟಿದಂಗೆ. ಒಬ್ಬನನ್ನ ನೋಡಿದ್ದು ಸಾಕು. ನಿನ್ನನ್ನೂ ನೋಡೋಕೆ ನನಗಾಗಲ್ಲ ರಾಗ್ನಿ."

ಈ ಮುದುಕಿ ಇಂಥ ಮಾತನ್ನು ಹಿಂದೆಂದೂ ಆಡಿರಲಿಲ್ಲ. ಹರೆಯದಲ್ಲಿ ಊರಿಗೆ ಬಂದ ಬೋಧಕನ ಮಾತು ಕೇಳಿ ಕುಣಿತ ಬಿಟ್ಟವಳು, ಪಿಟೀಲನ್ನು ಸೈತಾನನ ಡಬ್ಬಿ ಎಂದು ಕರೆಯುತ್ತಿದ್ದವಳು. ತಮ್ಮ ನುಡಿಸಲು ಕೂತರೆ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರವಚನದ ಪುಸ್ತಕ ಓದುತ್ತಿದ್ದವಳು.

"ಬರೀ ತಗೊಂಡು ಬರ್ತಿದೀನಿ ಅತ್ತೆ. ನುಡಿಸ್ತೀನಿ ಅಂತ ಹೇಳಿಲ್ಲ."

"ಹರೆಯದಲ್ಲಿ ನೀನು ಕುಣಿದ್ರೆ ಮಾರನೇ ದಿನ ನೆಲದ ಹಲಗೆ ಬದಲಾಯಿಸ್ಬೇಕಿತ್ತು ಗೂರೊ," ಎಂದು ಹಿಂದಿನಿಂದ ಹಾಲ್ವರ್ ನಡುವೆ ಬಾಯಿ ಹಾಕಿದ. "ಈಗ ನೋಡು, ಹೇಗೆ ಮಾತಾಡ್ತೀಯ."

"ಹೆಣದ ಮುಂದೆ ಹಲ್ಲು ಕಿಸೀಬೇಡ, ಮುದಿಯ."

ಚರ್ಚು ಕೆರೆಯ ಆಚೆದಂಡೆಯಲ್ಲಿ. ಚಳಿಗಾಲದ ದಾರಿ ಮಂಜುಗಡ್ಡೆಯ ಮೇಲೆಯೇ. ದಾರಿ ತಪ್ಪದಿರಲೆಂದು ಎರಡೂ ಬದಿಗೆ ಪೈನ್ ಕೊಂಬೆ ನೆಟ್ಟಿದ್ದರು. ಚಳಿಗಾಲ ಮುಗಿಯುತ್ತ ಬಂದಿತ್ತು. ಮೊದಲ ಜಾರುಬಂಡಿಯಲ್ಲಿ ಶವಪೆಟ್ಟಿಗೆ, ಎರಡನೆಯದರಲ್ಲಿ ರಾಗ್ನಿ, ಗೂರೊ ಅತ್ತೆ. ಕುದುರೆಯ ಲಗಾಮು ಹಿಡಿದು ಗುತ್ತೋರ್ಮ್. ದಂಡೆಯಿಂದ ಇಳಿಯುವಾಗ ಕುದುರೆ ಒಮ್ಮೆ ಹಿಂಜರಿದು ಮೂಗು ಕೆಳಗೆ ಮಾಡಿ ಮಂಜುಗಡ್ಡೆಯನ್ನು ಮೂಸಿತು.

ನಡುಗೆರೆಗೆ ಬಂದಾಗ ಅಡಿಯಲ್ಲೆಲ್ಲೋ ಮಂಜುಗಡ್ಡೆ ಬಿರಿಯಿತು. ಉದ್ದಕ್ಕೆ, ಕೆರೆಯ ಈ ತುದಿಯಿಂದ ಆ ತುದಿಗೆ ಓಡಿಹೋದ ಸದ್ದು. ತಕ್ಷಣ ರಾಗ್ನಿಯ ತೊಡೆಯ ಮೇಲಿದ್ದ ಪಿಟೀಲಿನ ಪೆಟ್ಟಿಗೆಯೊಳಗೆ ತಂತಿಗಳು ಮಿಡಿದವು. ಅತ್ತೆ ಕಣ್ಣು ಮುಚ್ಚಿ ತುಟಿಯಾಡಿಸತೊಡಗಿದಳು.

"ಗುತ್ತೋರ್ಮ್," ಎಂದು ರಾಗ್ನಿ ಮುಂದಕ್ಕೆ ಬಾಗಿ ಗಂಡನನ್ನು ಕರೆದಳು. "ಒಂದು ವೇಳೆ ನಾನು ನುಡಿಸಿದ್ರೆ, ನನ್ನ ಪಕ್ಕದಲ್ಲೇ ನಿಂತ್ಕೋ. ನನ್ನ ಕಾಲು ನೋಡ್ತಾ ಇರು. ಕಾಲು ನಿಂತ್ರೆ ಕಮಾನು ಕಿತ್ಕೋ. ಹೇಳ್ದೆ ಕೇಳ್ದೆ ಕಿತ್ಕೋ."

ಅವನು ಹಿಂದಿರುಗಿ ನೋಡಲಿಲ್ಲ. ಕೆಂಪಗಾದ ಕಿವಿಯಷ್ಟೇ ಅವಳಿಗೆ ಕಂಡಿತು. "ಕಿತ್ಕೊಂಡ ಮೇಲೆ ನೀನು ನನ್ನನ್ನ ಗುರುತು ಹಿಡೀತೀಯ ತಾನೆ?" ಎಂದ.

ತಾನು ಹದಿನಾರರವಳಾಗಿದ್ದಾಗಿನ ಬೇಸಿಗೆಯ ಬಗ್ಗೆ ಅವಳು ಅವನಿಗೂ ಹೇಳಿರಲಿಲ್ಲ. ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಒಬ್ಬಳೇ ಮೇಕೆಗಳ ಜೊತೆ ಇದ್ದಾಗ, ಬೆಳಗಿನ ಹಾಲು ಕರೆದು, ಅಪ್ಪನ ಹಳೆಯ ಪಿಟೀಲು ತೆಗೆದುಕೊಂಡು 'ಒಂದಿಷ್ಟೇ' ಎಂದು 'ಅದನ್ನು' ಶುರುಮಾಡಿದ್ದಳು. ತಲೆ ಎತ್ತಿದಾಗ ಬಿಸಿಲು ಗುಡಿಸಲಿನ ಇನ್ನೊಂದು ಬದಿಗೆ ಹೋಗಿತ್ತು. ಮೇಕೆಗಳು ಸಂಜೆಯ ಹಾಲಿಗೆ ಬಂದು ಕೆಚ್ಚಲು ಬಿಗಿದುಕೊಂಡು ಅವಳ ಸುತ್ತ ನಿಂತು ಅರಚುತ್ತಿದ್ದವು. ಒಂದರ ದನಿಯೂ ಅವಳಿಗೆ ಕೇಳಿರಲಿಲ್ಲ. ಬೆರಳ ತುದಿಯ ಚರ್ಮ ಕಿತ್ತು ತಂತಿಯೆಲ್ಲ ರಕ್ತ. ಊರಿಗೆ ಇಳಿದಾಗ ಅಪ್ಪ ಆ ಬೆರಳು ನೋಡಿ, ಒಂದು ಮಾತೂ ಆಡದೆ ಕೊಡಲಿ ಎತ್ತಿಕೊಂಡು ಸೌದೆ ಒಡೆಯಲು ಹೋದ. ಆ ದಿನ ಇಟ್ಟ ಕಮಾನನ್ನು ಅವಳು ಮತ್ತೆ ಎತ್ತಲಿಲ್ಲ. ಅಪ್ಪನದು ತನಗೂ ಬಂದಿದೆ ಎಂಬ ಭಯವನ್ನು ಕಟ್ಟಿಕೊಂಡೇ ಮದುವೆಯಾದಳು, ದನ ಕಟ್ಟಿದಳು, ರೊಟ್ಟಿ ಸುಟ್ಟಳು.

*

ಸ್ವೈನುಂಗನಿಗೆ ಲಕ್ವ ಹೊಡೆದದ್ದು ಹಿಮ ಬೀಳಲು ಶುರುವಾದಾಗ. ಬಲಗೈ ಬಲಗಾಲು ಬಿದ್ದವು, ಮಾತೂ ಬಿತ್ತು. ಕಮಾನು ಹಿಡಿಯುವ ಕೈ ಹೊದಿಕೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು. ರಾಗ್ನಿ ಗಂಜಿ ಕುಡಿಸುತ್ತಿದ್ದಳು, ಮೈ ಒರೆಸುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳ ಎದೆಯ ಮೂಲೆಯಲ್ಲೆಲ್ಲೋ ಒಂದಿಷ್ಟು ನಿರಾಳವೂ ಇತ್ತು. ಇನ್ನು ಕಾಯುವ ಕೆಲಸವಿಲ್ಲ.

ಕೊನೆಯ ದಿನ ಮಧ್ಯಾಹ್ನ ಅವಳು ಪಕ್ಕದಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಅವನ ಎಡಗೈ ಹೊದಿಕೆಯ ಅಂಚನ್ನು ಹಿಡಿದುಕೊಂಡಿತು, ಪಿಟೀಲಿನ ಕತ್ತು ಹಿಡಿದಂತೆ. ಬೆರಳುಗಳು ಆಡತೊಡಗಿದವು. ಅವಳು ಸುಮ್ಮನೆ ನೋಡಿದಳು. ಮೊದಲ ಸಾಲಿನಲ್ಲೇ ಗೊತ್ತಾಯಿತು, 'ಅದು'.

ಸದ್ದಿಲ್ಲ. ಉಣ್ಣೆಯ ಮೇಲೆ ಬೆರಳು ಒತ್ತುವ ಮೆತ್ತನೆಯ ಸಪ್ಪಳ ಅಷ್ಟೆ. ಬೆರಳುಗಳು ಒಂದು ಸಲ ಏರಿದವು, ಎರಡು ಸಲ ಏರಿದವು, ಮೂರನೆಯ ಸಲ ಏರಿ ನಿಂತವು. ಅವಳ ಕೈ ತನಗೆ ತಾನೇ ಮುಂದೆ ಚಾಚಿತು. ಆದರೆ ಕಿತ್ತುಕೊಳ್ಳಲು ಕಮಾನೇ ಇರಲಿಲ್ಲ. ಅಪ್ಪನ ಬೆರಳು ಆ ಜಾಗ ದಾಟಿತು.

ಅವಳು ರೆಪ್ಪೆ ಬಡಿಯದೆ ನೋಡಿದಳು. ಆಚೆ ಬಹಳ ಇರಲಿಲ್ಲ. ಒಂದು ತಿರುವು, ಮತ್ತೊಂದು ತಿರುವು, ಆಮೇಲೆ ಕೆಳಗಿನ ತಂತಿಯ ಮೇಲೆ ಹೆಬ್ಬೆರಳಿನ ಪಕ್ಕದ ಬೆರಳೊಂದೇ, ಬಹಳ ಹೊತ್ತು. ಕೊನೆಗೆ ಆ ಬೆರಳೂ ಮೇಲೆದ್ದಿತು. ಅಪ್ಪ ಅವಳ ಕಡೆ ನೋಡಿದ. ಗುರುತು ಹಿಡಿದೇ ನೋಡಿದ. ಸಂಜೆಯ ಹಾಲು ಕರೆದು ಅವಳು ಒಳಗೆ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಬೆರಳು ಅವಳಿಗೆ ಕಂಡಿತ್ತು, ಒಂದೊಂದೂ ಕಂಡಿತ್ತು. ಆದರೆ ಬಲಗೈ ಸತ್ತಿತ್ತು, ಕಾಲು ಹೊದಿಕೆಯಡಿ ಮರಗಟ್ಟಿತ್ತು. ಎಲ್ಲಿ ಎಳೆಯಬೇಕು, ಎಲ್ಲಿ ಬಡಿಯಬೇಕು, ಆ ಲಯ ಕಂಡಿರಲಿಲ್ಲ. ಆವತ್ತಿನಿಂದ ಆ ಬೆರಳುಗಳು ಅವಳ ಕಣ್ಣ ಮುಂದೆ ಸದ್ದಿಲ್ಲದೆ ಆಡುತ್ತಲೇ ಇದ್ದವು.

*

ಗುಂಡಿ ತೋಡಲು ಗಂಡಸರು ಹಿಂದಿನ ದಿನವಿಡೀ ನೆಲದ ಮೇಲೆ ಸೌದೆ ಉರಿಸಿ ಹೆಪ್ಪುಗಟ್ಟಿದ ಮಣ್ಣು ಕರಗಿಸಿದ್ದರು. ಸುತ್ತ ಹಿಮ ಕಪ್ಪಾಗಿತ್ತು, ಹೊಗೆಯ ವಾಸನೆ ಇನ್ನೂ ಇತ್ತು. ಗುಂಡಿಯ ಅಂಚಿಗೆ ಹಲಗೆ ಹಾಸಿ, ಅಡ್ಡ ಮರಗಳ ಮೇಲೆ ಪೆಟ್ಟಿಗೆ ಇಳಿಸಿದರು. ನಾಲ್ವರು ಹಗ್ಗ ಹಿಡಿದು ನಿಂತರು.

ಪಾದ್ರಿ ಕಡಲ ಕಡೆಯ ಊರಿನವನು, ಕಣಿವೆಗೆ ಹೊಸಬ. ಓದುವುದನ್ನು ಓದಿ ಮುಗಿಸಿ, ಪುಸ್ತಕದಲ್ಲಿ ಬೆರಳಿಟ್ಟುಕೊಂಡು ರಾಗ್ನಿಯನ್ನು ನೋಡಿದ. "ಒಂದು ಹಾಡು ನುಡಿಸ್ತಾರೆ ಅಂತ ಹಾಲ್ವರ್ ಅವರು ಹೇಳಿದ್ರು. ಚರ್ಚಿನ ಒಳಗೆ ಬೇಡ ಅಂದೆ, ಇಲ್ಲಿ ನನ್ನ ಅಭ್ಯಂತರ ಏನಿಲ್ಲ. ನುಡಿಸ್ತೀರಾ?"

ಇಲ್ಲ ಎನ್ನಬಹುದಿತ್ತು. ಅವಳು ಬಾಯಿ ತೆರೆದದ್ದೂ ಅದಕ್ಕೇ. ಆದರೆ ಪೆಟ್ಟಿಗೆ ಕಣ್ಣ ಮುಂದಿತ್ತು, ಹಗ್ಗ ಹಿಡಿದವರು ಕಾಯುತ್ತಿದ್ದರು. ತಾನು ಇಲ್ಲ ಎಂದ ಮರುಗಳಿಗೆಗೆ ಆ ಬೆರಳುಗಳ ಮೇಲೂ ಮಣ್ಣು ಬೀಳುತ್ತದೆ ಎನ್ನಿಸಿತು. ಇಷ್ಟು ವರ್ಷ ಬಾಗಿಲು ಹಾಕಿದವಳು ತಾನೇ.

ಕೈಗವಸು ಕಳಚಿದಳು. ಗುತ್ತೋರ್ಮ್ ಅವಳ ಎರಡೂ ಕೈಗಳನ್ನು ತನ್ನ ಕೋಟಿನೊಳಗೆ ಎಳೆದುಕೊಂಡು ಸ್ವಲ್ಪ ಹೊತ್ತು ಬೆಚ್ಚಗೆ ಹಿಡಿದ. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಅವಳ ಕಾಲು ನೋಡುತ್ತ ನಿಂತ. ಅವನ ಮುಖ ಬಿಳಿಚಿಕೊಂಡಿತ್ತು. ಅವನ ಆಚೆ ಗೂರೊ ಅತ್ತೆ, ಕಪ್ಪು ಶಿರೋವಸ್ತ್ರ ಹಣೆಯವರೆಗೆ ಎಳೆದುಕೊಂಡು, ನೆಲ ನೋಡುತ್ತ.

ಮೊದಲ ಸಾಲು ಕೆಟ್ಟದಾಗಿ ಬಂತು. ಕಮಾನು ಜಾರಿತು, ಚಳಿಗೆ ತಂತಿ ಇಳಿದಿತ್ತು. ಯಾರೋ ಕೆಮ್ಮಿದರು. ಎರಡನೆಯ ಸಾಲಿಗೆ ಬೆರಳು ದಾರಿ ಹಿಡಿಯಿತು. ಬಲಗಾಲು ಹಲಗೆಗೆ ಬಡಿಯತೊಡಗಿತು. ಅಡಿತಂತಿಗಳು ಎದ್ದವು. ಅಪ್ಪನ ಕಾಲ ಬುಡದಲ್ಲಿ ಕೂತು ಕೇಳಿದ್ದೆಲ್ಲ ಈಗ ಅವಳ ಗಲ್ಲದ ಮೂಳೆಯೊಳಗೇ ಕೇಳಿಸುತ್ತಿತ್ತು. ಜನ ಒಬ್ಬರಿಗೊಬ್ಬರು ಹತ್ತಿರ ಸರಿದರು. ಪಾದ್ರಿ ಪುಸ್ತಕ ಮುಚ್ಚಿದ.

ಜಾಗ ಹತ್ತಿರ ಬರುತ್ತಿತ್ತು. ಬೆರಳು ಒಂದು ಸಲ ಏರಿತು. ಮೇಕೆಗಳು ಅರಚುತ್ತಿವೆಯೇ ಎಂದು ಕಿವಿ ಹುಡುಕಿತು. ಎರಡು ಸಲ ಏರಿತು. ಗುತ್ತೋರ್ಮನ ಮುಖ ಕಂಡಿತು, ಅವನ ಹೆಸರು ನೆನಪಿಗೆ ಬಂತು, ಇದೆ, ಇನ್ನೂ ಇದೆ. ಮೂರನೆಯ ಸಲ ಏರಿ ನಿಂತಿತು.

ಅವಳ ಕಾಲೂ ನಿಂತಿತು.

ಅವಳು ಎಲ್ಲಿಗೂ ಹೋಗಿರಲಿಲ್ಲ. ಅಲ್ಲೇ ಇದ್ದಳು, ಹೊಗೆಯ ವಾಸನೆ ಮೂಗಿಗೆ ಬರುತ್ತಿತ್ತು, ಹಗ್ಗ ಹಿಡಿದವರ ಮೀಸೆಯ ಮೇಲಿನ ಹಿಮ ಕಾಣುತ್ತಿತ್ತು. ಮುಂದಿನ ಬೆರಳು ಯಾವುದೆಂದು ಗೊತ್ತಿತ್ತು. ಆದರೆ ಮುಂದಿನ ಬಡಿತ ಗೊತ್ತಿರಲಿಲ್ಲ. ಹುಚ್ಚು ಹಿಡಿಯುತ್ತದೆಂದು ಜೀವಮಾನವಿಡೀ ಹೆದರಿದವಳಿಗೆ ಈಗ ಬೇರೆಯೇ ಹೆದರಿಕೆ ಹಿಡಿಯಿತು. ಇಲ್ಲಿಂದ ಮುಂದೆ ತಾನು ಹೋಗಲಾರೆ. ಅಪ್ಪನನ್ನು ಎಲ್ಲಿ ನಿಲ್ಲಿಸುತ್ತಿದ್ದಳೋ ಅಲ್ಲೇ ತನ್ನ ಕೈಯೂ ನಿಂತುಬಿಟ್ಟಿದೆ. ಒಂದೇ ಸ್ವರವನ್ನು ಎಳೆಯುತ್ತ ಎಳೆಯುತ್ತ ಕಮಾನು ತುದಿಗೆ ಬರುತ್ತಿತ್ತು.

ಗುತ್ತೋರ್ಮ್ ನಿಂತ ಕಾಲನ್ನು ನೋಡಿದ. ಹೇಳಿದ್ದ ಹಾಗೆಯೇ, ಹೇಳದೆ ಕೇಳದೆ, ಕೈ ಚಾಚಿ ಮುಂದೆ ಬಂದ.

"ಮುಟ್ಬೇಡ ಅವಳನ್ನ."

ಗೂರೊ ಅತ್ತೆ ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು. ತಲೆ ಎತ್ತಿ ರಾಗ್ನಿಯ ಕಣ್ಣು ನೋಡಿದಳು, ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡುವವಳಂತೆ. ಆಮೇಲೆ ಲಂಗವನ್ನು ಒಂದು ಕೈಯಲ್ಲಿ ಪಾದದಿಂದ ಮೇಲೆತ್ತಿಕೊಂಡಳು. ಕಪ್ಪು ಬೂಟು ಹಲಗೆಗೆ ಬಡಿಯಿತು. ತಡೆದು, ಮತ್ತೆ ಬಡಿಯಿತು. ಎರಡು ಹತ್ತಿರ, ಒಂದು ದೂರ, ಎರಡು ಹತ್ತಿರ. ಕಮಾನು ಕೈತಪ್ಪಿದ ರಾತ್ರಿಗಳಲ್ಲಿ, ಮಗಳು ಮಲಗಿದ ಮೇಲೆ, ತಮ್ಮ ಬರೀ ಕಾಲಲ್ಲೇ ಮುಂದುವರಿಸುತ್ತಿದ್ದ, ಪಕ್ಕದ ಕೋಣೆಯ ಬಾಗಿಲ ಹಿಂದೆ ಕೂತವಳಿಗೆ ಆ ಮನೆಯ ನೆಲ ಅಷ್ಟೂ ವರ್ಷ ಕಲಿಸಿದ್ದ ಬಡಿತ.

ರಾಗ್ನಿಯ ಬೆರಳು ಆಚೆಗೆ ಕಾಲಿಟ್ಟಿತು.

ಒಂದು ತಿರುವು ಬಂತು, ಅದಕ್ಕೆ ಸದ್ದಿತ್ತು. ಹಗ್ಗ ಹಿಡಿದವರು ಅಲುಗಾಡಲಿಲ್ಲ. ಮುದುಕಿ ತುಟಿ ಬಿಗಿಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ಬಡಿಯುತ್ತಲೇ ಇದ್ದಳು. ಬೂಟಿನ ಒಂದೊಂದು ಏಟಿಗೂ ಹಲಗೆಯ ಅಂಚಿನಿಂದ ಸುಟ್ಟ ಮಣ್ಣಿನ ಹೆಂಟೆ ಸಡಿಲಗೊಂಡು, ತಾಳ ತಪ್ಪದೆ, ಗುಂಡಿಯೊಳಕ್ಕೆ ಉದುರುತ್ತಿತ್ತು.